ಹತ್ತೊಂಬತ್ತನೇ ವಾರ್ಡಿನ ನೆರಳುಗಳು

ಹಿರೇಗೊಪ್ಪ ನಗರದಲ್ಲಿ ವಾರ್ಡ್ ಸಭೆಗೆ ಜನ ಬರುವುದು ನಿಂತುಹೋಗಿ ಎಷ್ಟೋ ವರ್ಷವಾದ ಮೇಲೆ, ಅವರ ಬದಲಿಗೆ ಅವರ ನೆರಳುಗಳು ಬರತೊಡಗಿದವು.

ನೆರಳು ಎಂಬುದು ಜನ ಇಟ್ಟ ಹೆಸರು. ಕಾಗದಪತ್ರಗಳಲ್ಲಿ ಅದು 'ನಾಗರಿಕ ಪ್ರತಿರೂಪ'. ಒಬ್ಬ ಮನುಷ್ಯ ಯಾವ ಬಸ್ಸು ಹತ್ತುತ್ತಾನೆ, ರೇಷನ್ ಅಂಗಡಿಯ ಸರದಿಯಲ್ಲಿ ಗೊಣಗದೆ ಎಷ್ಟು ಹೊತ್ತು ನಿಲ್ಲುತ್ತಾನೆ, ನಲ್ಲಿಯಲ್ಲಿ ಎರಡು ದಿನ ನೀರು ಬಾರದಿದ್ದರೆ ದೂರು ಕೊಡುತ್ತಾನೋ ಕೊಡ ಹಿಡಿದು ಪಕ್ಕದ ಓಣಿಗೆ ಹೋಗುತ್ತಾನೋ, ಮೊಬೈಲಿನಲ್ಲಿ ಯಾವ ಸುದ್ದಿ ಬಂದಾಗ ಅವನ ಬೆರಳು ತಡೆಯುತ್ತದೆ, ಇಂಥ ಸಾವಿರಾರು ಸಣ್ಣ ಸಂಗತಿಗಳನ್ನು ಕೂಡಿಸಿ ಯಂತ್ರ ಅವನದೇ ಒಂದು ಅಚ್ಚು ತೆಗೆಯುತ್ತಿತ್ತು. ಏನು ಕೇಳಿದರೂ ಆ ಅಚ್ಚು ಅವನು ಕೊಡಬಹುದಾದ ಉತ್ತರವನ್ನೇ ಕೊಡುತ್ತಿತ್ತು. ಹತ್ತೊಂಬತ್ತನೇ ವಾರ್ಡಿನಲ್ಲಿ ಜನರೇ ಕೂತು ನಡೆಸಿದ ಕೊನೆಯ ಸಭೆಗೆ ಹನ್ನೊಂದು ಸಾವಿರದ ನಾನೂರು ಮತದಾರರ ಪೈಕಿ ಬಂದವರು ಒಂಬತ್ತು ಮಂದಿ. ಅದರಲ್ಲಿ ಇಬ್ಬರು ಮಳೆ ನಿಲ್ಲುವ ತನಕ ಎಂದು ಒಳಗೆ ಬಂದವರು. ಒಂಬತ್ತು ಜನ ಮಾತಾಡುವುದಕ್ಕಿಂತ ಹನ್ನೊಂದು ಸಾವಿರ ನೆರಳು ಮಾತಾಡುವುದು ಮೇಲಲ್ಲವೇ ಎಂದು ಕೇಳಿ ಸರಕಾರ ಸಭಾಭವನಕ್ಕೆ ಬೀಗ ಹಾಕಿತು.

ಕಸ್ತೂರಿ ಹಡಪದ ಆ ನೆರಳುಗಳ ಕೇಂದ್ರದಲ್ಲಿ ತಾಳೆ ನೋಡುವ ಕೆಲಸದಲ್ಲಿದ್ದಳು. ದಿನಕ್ಕೆ ನಲವತ್ತು ಜನಕ್ಕೆ ಫೋನು ಮಾಡಿ ಒಂದು ಪ್ರಶ್ನೆ ಕೇಳುವುದು, ಅದೇ ಪ್ರಶ್ನೆಗೆ ಅವರ ನೆರಳು ಕೊಟ್ಟ ಉತ್ತರದ ಜೊತೆ ಹೋಲಿಸುವುದು, ಇಷ್ಟೇ ಕೆಲಸ. ನಲವತ್ತರಲ್ಲಿ ಮೂವತ್ತೆಂಟು ಒಂದಕ್ಕೊಂದು ಹೊಂದುತ್ತಿದ್ದವು. ಕೆಲವು ದಿನ ನಲವತ್ತಕ್ಕೆ ನಲವತ್ತೂ. ಏಳು ವರ್ಷದಲ್ಲಿ ಅವಳಿಗೆ ಯಂತ್ರದ ಮೇಲೆ ಮನುಷ್ಯರ ಮೇಲಿದ್ದುದಕ್ಕಿಂತ ಹೆಚ್ಚು ನಂಬಿಕೆ ಬೆಳೆದಿತ್ತು.

ಆ ಸೋಮವಾರ ದೊಡ್ಡ ಪರದೆಯ ಮೇಲೆ ವಾರ್ಡುಗಳ ನಿರ್ಣಯಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಕೈಯಲ್ಲಿ ಚಹಾ ಹಿಡಿದು ಸುಮ್ಮನೆ ನೋಡುತ್ತಿದ್ದ ಕಸ್ತೂರಿ, ತನ್ನ ವಾರ್ಡು ಬಂದಾಗ ಕಪ್ಪನ್ನು ಮೇಜಿನ ಮೇಲಿಟ್ಟಳು. 'ವಾರ್ಡ್ ಹತ್ತೊಂಬತ್ತು. ಮುಚ್ಚಿದ ಹತ್ತಿ ಜಿನ್ನಿನ ಕಾರ್ಖಾನೆಯ ಜಾಗದಲ್ಲಿ ಹಳೆಯ ಬ್ಯಾಟರಿ ಕರಗಿಸುವ ಘಟಕ. ಸಮ್ಮತಿ: ನೂರಕ್ಕೆ ಎಂಬತ್ತೊಂದು.'

ಹಳೆಯ ಬ್ಯಾಟರಿ ಕರಗಿಸಿದರೆ ಸೀಸ ಸಿಗುತ್ತದೆ. ಅದರ ಸಂಗಡ ಹಾರುವ ಧೂಳು ಏನು ಮಾಡುತ್ತದೆಂದು ಕಸ್ತೂರಿಗೆ ಗೊತ್ತಿತ್ತು. ಏಳನೇ ವಾರ್ಡಿನಲ್ಲಿ ಅಂಥದೇ ಘಟಕ ಬಂದು ಮೂರು ವರ್ಷವಾಗಿತ್ತು. ಅಲ್ಲಿ ಅವಳ ಅಣ್ಣನ ಮಗಳು ಸರೋಜಾ ಇದ್ದಳು. ಸರೋಜಾಳ ಮಗಳು ಭೂಮಿಕಾ ಎರಡೂವರೆ ವರ್ಷಕ್ಕೇ 'ಅಜ್ಜಿ, ನಿನ್ನ ಸೀರಿ ನೀಲಿ ಐತಿ' ಎಂದು ಪೂರ್ತಿ ಮಾತಾಡುತ್ತಿದ್ದ ಕೂಸು. ಈಗ ಅದಕ್ಕೆ ಐದು. ಒಂದೊಂದಾಗಿ ಮಾತು ಕಳೆದುಕೊಂಡು, ನೀರು ಬೇಕಾದರೆ ಬಿಂದಿಗೆಯ ಕಡೆ ಬೆರಳು ತೋರಿಸುತ್ತಿತ್ತು. ರಕ್ತದಲ್ಲಿ ಸೀಸ ಸೇರಿದೆ, ಹೋದದ್ದು ತಿರುಗಿ ಬರುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು.

"ಎಂಬತ್ತೊಂದು ಹೆಂಗ ಬಂತು?" ಎಂದು ಅವಳು ಪಕ್ಕದವರನ್ನು ಕೇಳಿದಳು. ಅವರು ಭುಜ ಹಾರಿಸಿ ತಮ್ಮ ಫೋನಿಗೆ ತಿರುಗಿದರು.

ಎಲ್ಲೋ ಮೋಸವಾಗಿದೆ ಎಂದೇ ಕಸ್ತೂರಿಗೆ ಅನ್ನಿಸಿತು. ಯಾರೋ ಒಳಗೆ ಕೈಯಾಡಿಸಿದ್ದಾರೆ. ಹಿಡಿದು ತೋರಿಸಿದರೆ ಮುಗಿಯಿತು. ಎರಡು ದಿನ ಊಟದ ವಿರಾಮದಲ್ಲಿ ಕೂತು ತನ್ನ ಓಣಿಯ ನೆರಳುಗಳನ್ನು ಒಂದೊಂದಾಗಿ ತೆಗೆದು ನೋಡಿದಳು. ಮೋಸ ಸಿಗಲಿಲ್ಲ. ಹಿಟ್ಟಿನ ಗಿರಣಿಯವನ ನೆರಳು, 'ನಾವು ಬ್ಯಾಡ ಅಂದ್ರ ಬಿಡ್ತಾರೇನು?' ಎಂದಿತ್ತು. ಹೊಲಿಗೆಯ ನೀಲವ್ವನ ನೆರಳು, 'ನಮಗ್ಯಾಕ ಬೇಕು ಆ ಉಸಾಬರಿ' ಎಂದಿತ್ತು. ಅವರು ದಿನವೂ ಆಡುವ ಮಾತೇ ಅದು. ಜೀವನವಿಡೀ ಬಾಯಿ ಬಿಡದೆ ಸಹಿಸಿದವರ ಅಚ್ಚು ತೆಗೆದರೆ ಬಾಯಿ ಬಿಡದ ಅಚ್ಚೇ ಬರುತ್ತದೆ. ಯಂತ್ರ ಅದನ್ನು ಸಮ್ಮತಿ ಎಂದು ಬರೆದುಕೊಂಡಿತ್ತು.

ಕೊನೆಗೆ ಅವಳು ತನ್ನದೇ ಸಂಖ್ಯೆ ಒತ್ತಿದಳು. ಹಾಗೆ ಮಾಡಬಾರದೆಂಬ ನಿಯಮವಿತ್ತು. ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಅವಳದೇ ದನಿ ಬಂತು.

"ಹೂಂ, ಆಗಲಿ."

ಕಾರಣ ಕೇಳುವ ಗುಂಡಿ ಒತ್ತಿದಳು.

"ಬ್ಯಾಡ ಅಂದ್ರ ಆಫೀಸಿನ್ಯಾಗ ಗೊತ್ತಾಗ್ತೈತಿ. ಮನ್ಯಾಗ ದುಡಿಯಾಕಿ ನಾ ಒಬ್ಬಾಕಿ. ಬ್ಯಾಡ ಅನ್ನಾವ್ರು ಬ್ಯಾರೆ ಮಂದಿ ಇರ್ತಾರ, ಅವ್ರು ಅಂತಾರ ಬಿಡು."

ಕಸ್ತೂರಿ ಹೆಡ್‌ಫೋನು ತೆಗೆದಿಟ್ಟಳು. ನಾನು ಹಾಗಲ್ಲ ಎಂದು ಹೇಳಿಕೊಳ್ಳಲು ಹೋದಳು. ಹಾಗಲ್ಲ ಎನ್ನುವುದಕ್ಕೆ ತನ್ನ ನಲವತ್ತಾರು ವರ್ಷದಲ್ಲಿ ಒಂದೇ ಒಂದು ಸಾಕ್ಷಿ ಹುಡುಕಿದಳು. ಸಿಗಲಿಲ್ಲ.

ಸಂಜೆ ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದಳು. ಪರಸಪ್ಪ ಹಿಂದೆ ಬಸ್ಸಿನ ಡ್ರೈವರ್. ಹದಿನೆಂಟು ವರ್ಷದ ಹಿಂದೆ ಒಂದು ಮುಷ್ಕರದಲ್ಲಿ ಅರವತ್ತು ಡ್ರೈವರುಗಳು ಡಿಪೋ ಮುಂದೆ ಕೂತರು. ಮಾರನೇ ದಿನ ಐವತ್ತೆಂಟು ಜನ ಕೆಲಸಕ್ಕೆ ಮರಳಿದರು. ಉಳಿದ ಇಬ್ಬರಲ್ಲಿ ಇವನೊಬ್ಬ; ಕೆಲಸ ಹೋಯಿತು. ಆವತ್ತಿನಿಂದ ಅವನು ಸ್ಟೇರಿಂಗ್ ಹಿಡಿದಿರಲಿಲ್ಲ, ಹತ್ತು ಜನ ಸೇರಿದ ಕಡೆ ನಿಂತಿರಲಿಲ್ಲ.

"ಮಂದಿ ಬರ್ತಾರ ಅಂತ ನಂಬಬ್ಯಾಡ ಕಸ್ತೂರಿ," ಎಂದ. "ಬರ್ತೀವಿ ಅಂತಾರ. ಬರೂದಿಲ್ಲ."

"ಹಂಗಂತ ಸುಮ್ನ ಕುಂಡ್ರೂದ?"

ಅವನು ಜೋಳ ಹಸನು ಮಾಡುವ ಮೊರ ಹತ್ತಿರ ಎಳೆದುಕೊಂಡ.

ಓಣಿಯ ತುದಿಯಲ್ಲಿ ರೊಟ್ಟಿ ಮಾಡಿ ಮಾರುವ ಹಜರತ್‌ಬಿಯ ಮನೆ. ಅವಳ ಬಸುರಿ ಸೊಸೆಗೆ ಮೂರು ತಿಂಗಳು ತುಂಬಿತ್ತು. ಕಸ್ತೂರಿ ಹೇಳಿದ್ದನ್ನೆಲ್ಲ ಕೇಳಿದ ಹಜರತ್‌ಬಿ ಹಂಚಿನ ಮೇಲೆ ಸೀದುಹೋದ ರೊಟ್ಟಿಯನ್ನು ಎತ್ತಿ ಪಕ್ಕಕ್ಕೆ ಹಾಕಿದಳು. ಆಮೇಲೆ, "ನಾ ಯಾವಾಗ ಹೂಂ ಅಂದ್ನೆವ್ವಾ?" ಎಂದಳು.

"ನೀ ಅಂದಿಲ್ಲ. ನಿನ್ನ ನೆರಳು ಅಂದೈತಿ."

"ಅದರ ಬಾಯಾಗ ಮಣ್ಣು ಹಾಕ್ಲಿ. ನಡಿ, ಮನಿಮನಿಗೆ ಹೋಗೂಣು."

ಮೊದಲ ವಾರ ಅವರಿಬ್ಬರಿಗೂ ಕೆಲಸ ಹತ್ತಲಿಲ್ಲ. ಕಸ್ತೂರಿ ಬಾಗಿಲಲ್ಲೇ ನಿಂತು ಸೀಸ, ರಕ್ತ, ಶೇಕಡಾ ಎಂದು ಒಂದೇ ಉಸಿರಿಗೆ ಹೇಳುತ್ತಿದ್ದಳು. ಜನ ತಲೆಯಾಡಿಸಿ ಬಾಗಿಲು ಮುಂದಕ್ಕೆ ತಳ್ಳುತ್ತಿದ್ದರು. ಹಜರತ್‌ಬಿಯೇ ದಾರಿ ಕಂಡುಹಿಡಿದಳು. ಮೊದಲು ಒಳಗೆ ಹೋಗಿ ಕೂಡಬೇಕು. ನೀರು ಕೇಳಿ ಕುಡಿಯಬೇಕು. ಅವರ ಮೊಣಕಾಲು ನೋವು, ಮಗನ ಶಾಲೆ, ಗಟಾರದ ವಾಸನೆ ಎಲ್ಲ ಕೇಳಬೇಕು. "ಗಟಾರ ಹಿಂಗ ಯಾಕೈತಿ ಅಂತ ಎಂದಾದ್ರೂ ಕೇಳೀರೇನು?" ಎನ್ನಬೇಕು. ಬ್ಯಾಟರಿಯ ಮಾತು ಆಮೇಲೆ. ಒಂದು ಮನೆಗೆ ಒಂದು ತಾಸು ಹಿಡಿಯುತ್ತಿತ್ತು. ಭೂಮಿಕಾಳನ್ನು ಕರೆದುಕೊಂಡು ಹೋಗಿ ತೋರಿಸಿದರೆ ಬೇಗ ತಿಳಿಯುತ್ತದೆ ಎಂದು ಯಾರೋ ಹೇಳಿದರು. ಕೂಸನ್ನು ಓಣಿ ಓಣಿ ತಿರುಗಿಸಲು ಕಸ್ತೂರಿ ಒಪ್ಪಲಿಲ್ಲ.

ಎರಡು ತಿಂಗಳಲ್ಲಿ ಆರುನೂರು ಜನ ತಮ್ಮ ಕೈಯಿಂದಲೇ ಅರ್ಜಿ ಬರೆದರು. ಬರೆಯಲು ಬಾರದವರು ಹೇಳಿ ಬರೆಸಿ ಹೆಬ್ಬೆಟ್ಟು ಒತ್ತಿದರು. ಪ್ರತಿಯೊಬ್ಬರೂ ತಾವೇ ನಡೆದು ವಾರ್ಡ್ ಆಫೀಸಿಗೆ ಹೋಗಿ ಕೊಟ್ಟು ಬರಬೇಕೆಂದು ಕಸ್ತೂರಿ ಹಟ ಹಿಡಿದಿದ್ದಳು, ಯಾಕೆಂದರೆ ನೆರಳು ಬದಲಾಗುವುದು ಮಾತಿನಿಂದಲ್ಲ, ಮಾಡಿದ ಕೆಲಸದಿಂದ ಎಂಬ ಗುಟ್ಟು ಅವಳಿಗೆ ಗೊತ್ತಿತ್ತು. ಬದಲಾಗತೊಡಗಿತು ಕೂಡ; ಒಬ್ಬರು ಅರ್ಜಿ ಕೊಟ್ಟರೆ ಅವರ ಮನೆಯವರ, ನೆರೆಯವರ ನೆರಳುಗಳೂ ಅಲುಗುತ್ತಿದ್ದವು. ಎಂಬತ್ತೊಂದು ಇದ್ದದ್ದು ಎಪ್ಪತ್ತಾಯಿತು, ಅರವತ್ಮೂರಾಯಿತು, ಒಂದು ಗುರುವಾರ ಐವತ್ತಾರಕ್ಕೆ ಬಂತು. ಐವತ್ತಕ್ಕಿಂತ ಕೆಳಗಿಳಿದರೆ ನಿರ್ಣಯ ಬಿದ್ದುಹೋಗುತ್ತಿತ್ತು. ಶುಕ್ರವಾರ ಬೆಳಿಗ್ಗೆ ಕಸ್ತೂರಿ ಕೇಂದ್ರಕ್ಕೆ ಹೋಗಿ ಪರದೆ ನೋಡಿದಾಗ ಮತ್ತೆ ಎಂಬತ್ತೊಂದೇ ಇತ್ತು.

ಅವಳು ನೇರವಾಗಿ ಡಾ. ವೈಜಯಂತಿ ದೇಸಾಯಿಯವರ ಕೋಣೆಗೆ ಹೋದಳು. ನೆರಳುಗಳನ್ನು ರೂಪಿಸಿದವರೇ ಅವರು. ಅರವತ್ತು ದಾಟಿದ ಹೆಂಗಸು, ಸಿಬ್ಬಂದಿಯನ್ನು ಎಂದೂ ಗದರಿದವರಲ್ಲ.

"ಕೂಡ್ರಿ ಕಸ್ತೂರಿ," ಎಂದರು. "ನೀವು ಬರ್ತೀರಿ ಅಂತ ಗೊತ್ತಿತ್ತು. ನಿನ್ನೆ ಪ್ರೇರಣೆಯ ಸೋಸು ಹಾಕಿದ್ವಿ. ಯಾರಾದರೂ ಒಬ್ಬರು ಮನಿಮನಿಗೆ ಹೋಗಿ ಮಂದಿ ಮನಸ್ಸು ತಿರುಗಿಸಿದ್ರ ಯಂತ್ರಕ್ಕ ಅದು ಕಾಣಸ್ತದ. ಒಂದೇ ಓಣಿ, ಒಂದೇ ವಾರ, ಒಂದೇ ಥರದ ಅರ್ಜಿ. ಅದನ್ನ ಸೋಸಿ ತೆಗೀತದ. ಉಳಿಯೋದು ಅವರ ಸ್ವಂತ ಅಭಿಪ್ರಾಯ."

"ಅವರು ಅರ್ಜಿ ಬರದದ್ದೂ ಸ್ವಂತದ್ದ ರೀ."

"ನೀವು ಹೋಗಿ ಕೂತು ಹೇಳಿದ ಮ್ಯಾಲೆ ಬರದದ್ದು. ಅದು ಅವರ ಅಭಿಪ್ರಾಯನೋ, ನಿಮ್ಮದೋ?"

ಕಸ್ತೂರಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. "ಮೇಡಮ್ಮರ, ನಾ ಹೋಗೂಕಿಂತ ಮೊದಲ ಅಲ್ಲಿ ಏನು ಬರ್ತೈತಿ ಅಂತನ ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಾಗ ಹೂಂ ಅಂದದ್ದು ಅವರದು. ಗೊತ್ತಾದ ಮ್ಯಾಲೆ ಬ್ಯಾಡ ಅಂದದ್ದು ನಂದು. ಹಂಗಂತೀರೇನು?"

ದೇಸಾಯಿಯವರು ಕನ್ನಡಕ ತೆಗೆದು ಒರೆಸತೊಡಗಿದರು. "ನಿಯಮದಾಗ ಒಂದು ಕಲಂ ಅದ," ಎಂದರು. "ಹಳೇದು. ತೆಗೆದು ಹಾಕೂದು ಯಾರಿಗೂ ನೆನಪಾಗಿಲ್ಲ. ವಾರ್ಡಿನ ಮತದಾರರೊಳಗ ಹತ್ತರಲ್ಲಿ ಒಬ್ಬರು ತಾವೇ ಖುದ್ದು ಬಂದು ಸಭಾಭವನದಾಗ ಕೂತ್ರ, ಆ ವಿಷಯಕ್ಕ ನೆರಳು ನಡಿಯೂದಿಲ್ಲ. ಬಂದವರು ಹೇಳಿದ್ದ ನಿರ್ಣಯ. ಕಣ್ಣಮುಂದ ಕೂತ ಮನುಷ್ಯಾನ್ನ ಸೋಸಾಕ ಬರಂಗಿಲ್ಲ. ಆದರ ಒಬ್ಬರು ಕಡಿಮಿ ಬಿದ್ರೂ ಮೂರು ವರ್ಷ ಆ ಮಾತು ಎತ್ತೂ ಹಂಗಿಲ್ಲ."

ಸಾವಿರದ ನೂರಾ ನಲವತ್ತು ಜನ. ಕಸ್ತೂರಿ ಕೊರಳಿನ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟು ಎದ್ದಳು. ಇಟ್ಟ ಮೇಲೆ ಅವಳಿಗೇ ಆಶ್ಚರ್ಯವಾಯಿತು.

ಸಭೆಗೆ ನಲವತ್ತು ದಿನದ ವಾಯಿದೆ ಸಿಕ್ಕಿತು. ಆ ನಲವತ್ತು ದಿನ ಅವಳು ನಡೆದಷ್ಟು ಹಿಂದೆಂದೂ ನಡೆದಿರಲಿಲ್ಲ. ಹೊಲಿಗೆಯ ನೀಲವ್ವ ತನ್ನ ಸಾಲಿನ ಮನೆಗಳನ್ನು ವಹಿಸಿಕೊಂಡಳು. ಗಿರಣಿಯವನು ಹಿಟ್ಟಿನ ಚೀಲ ಕೊಡುವಾಗ ದಿನಾಂಕ ನೆನಪಿಸುತ್ತಿದ್ದ. ಮಸೀದಿಯ ಓಣಿಯನ್ನು ಹಜರತ್‌ಬಿ ಒಬ್ಬಳೇ ಎರಡು ಸಲ ಸುತ್ತಿದಳು. ಬರುತ್ತೇವೆ ಎಂದವರ ಹೆಸರು ಸಾವಿರದ ಐನೂರು ದಾಟಿದವು. ಸಭೆಗೆ ನಾಲ್ಕು ದಿನ ಇರುವಾಗ ಕಸ್ತೂರಿಗೆ ಜ್ವರ ಬಂದು ಮೂರು ದಿನ ಏಳಲಾಗಲಿಲ್ಲ. ಸಾಲುಮನೆಗಳ ಹಳೆಯ ಚಾಳಿನ ಕಡೆ ಮೂರನೇ ಸುತ್ತು ಹೋಗುವುದು ಉಳಿದುಹೋಯಿತು. ಪರಸಪ್ಪ ಹಣೆಗೆ ತಣ್ಣೀರಿನ ಬಟ್ಟೆ ಹಾಕುತ್ತಾ ಪಕ್ಕದಲ್ಲೇ ಕೂತಿದ್ದ.

"ಐತವಾರ ನೀನೂ ಬಾ," ಎಂದಳು ಕಸ್ತೂರಿ.

"ಬರ್ತೀನಿ," ಎಂದ.

ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಸಮಯ. ವರ್ಷಗಟ್ಟಲೆ ಬೀಗ ಹಾಕಿದ್ದ ಸಭಾಭವನವನ್ನು ಹೆಂಗಸರು ಹಿಂದಿನ ದಿನವೇ ತೊಳೆದಿದ್ದರು. ಬಾಗಿಲಲ್ಲಿ ಹೆಬ್ಬೆಟ್ಟಿನ ಯಂತ್ರವಿತ್ತು. ಒಬ್ಬರು ಒತ್ತಿದರೆ ಗೋಡೆಯ ಮೇಲಿನ ಅಂಕಿ ಒಂದು ಏರುತ್ತಿತ್ತು. ಹತ್ತೂವರೆಗೆ ನಾನೂರಾಯಿತು. ಹನ್ನೊಂದಕ್ಕೆ ಎಂಟುನೂರು. ಒಳಗೆ ಜಾಗ ಸಾಲದೆ ಕಿಟಕಿಯ ಕಟ್ಟೆಯ ಮೇಲೆ ಹತ್ತಿ ಕೂತರು. ಎಷ್ಟೋ ವರ್ಷ ಒಂದೇ ವಾರ್ಡಿನಲ್ಲಿದ್ದು ಒಬ್ಬರನ್ನೊಬ್ಬರು ನೋಡದವರು ಹೆಸರು ಕೇಳಿಕೊಳ್ಳುತ್ತಿದ್ದರು. ಕರೆಯದಿದ್ದರೂ ಸರೋಜಾ ಭೂಮಿಕಾಳನ್ನು ಎತ್ತಿಕೊಂಡು ಏಳನೇ ವಾರ್ಡಿನಿಂದ ಬಂದಿದ್ದಳು. ಅವಳ ಹೆಬ್ಬೆಟ್ಟನ್ನು ಯಂತ್ರ ತೆಗೆದುಕೊಳ್ಳಲಿಲ್ಲ. ಮೂಲೆಯಲ್ಲಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

ಹನ್ನೊಂದೂವರೆಯ ಮೇಲೆ ಅಂಕಿ ಏರುವುದು ನಿಧಾನವಾಯಿತು. ಸಾವಿರದ ಐವತ್ತು. ಸಾವಿರದ ಎಪ್ಪತ್ತೆರಡು. ಹಜರತ್‌ಬಿ ರಸ್ತೆಗಿಳಿದು ಹೆಸರು ಹಿಡಿದು ಕೂಗುತ್ತಿದ್ದಳು. ಕೆಲವು ಮನೆಗಳ ಬಾಗಿಲು ತೆರೆದವು, ಕೆಲವು ಮುಚ್ಚಿದವು. ಕಸ್ತೂರಿ ಬಾಗಿಲಲ್ಲಿ ನಿಂತು ರಸ್ತೆಯ ತಿರುವನ್ನೇ ನೋಡುತ್ತಿದ್ದಳು. ಗಂಡನ ಬಿಳಿ ಅಂಗಿ ಈಗ ಕಂಡೀತು, ಈಗ ಕಂಡೀತು ಎಂದು. ಹನ್ನೆರಡಕ್ಕೆ ಯಂತ್ರ ಕೆಂಪಾಯಿತು. ಗೋಡೆಯ ಮೇಲೆ ಸಾವಿರದ ತೊಂಬತ್ಮೂರು.

ನಲವತ್ತೇಳು ಜನ ಕಡಿಮೆ.

ಒಬ್ಬೊಬ್ಬರಾಗಿ ಎದ್ದು, ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೊರಟರು. ಹಜರತ್‌ಬಿ ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮರುವಾರವೇ ಅವಳು ಸೊಸೆಯನ್ನು ತವರಿಗೆ ಕಳಿಸಿದಳು. ಕಳಿಸಲು ಬೇರೆ ಊರಿದ್ದವರು ಓಣಿಯಲ್ಲಿ ನಾಲ್ಕೇ ಮನೆಯವರು.

ಕಸ್ತೂರಿ ಮನೆಗೆ ಬಂದಾಗ ಪರಸಪ್ಪ ಹೊಸ್ತಿಲ ಮೇಲೆ ಕೂತಿದ್ದ. ಬಿಳಿ ಅಂಗಿ ಹಾಕಿಕೊಂಡಿದ್ದ, ತಲೆ ಬಾಚಿದ್ದ, ಕಾಲಲ್ಲಿ ಚಪ್ಪಲಿ ಇದ್ದವು.

"ಇಲ್ಲೀತನಾ ಬಂದಿದ್ದೆ," ಎಂದ. "ಮುಂದ ಕಾಲು ಏಳಲಿಲ್ಲ."

ಅವಳಿಗೆ ಅವನನ್ನು ಬೈಯಬೇಕೆನ್ನಿಸಿತು. ಆದರೆ ನಾಲ್ಕು ತಿಂಗಳ ಹಿಂದೆ ಹೆಡ್‌ಫೋನಿನಲ್ಲಿ ಕೇಳಿದ ತನ್ನ ದನಿಯನ್ನು ದಾಟಿ ಬೈಗುಳ ಹೊರಗೆ ಬರಲಿಲ್ಲ. ಅವನ ಪಕ್ಕದಲ್ಲೇ ಕೂತಳು. ಇಬ್ಬರೂ ಆವತ್ತು ಒಲೆ ಹೊತ್ತಿಸಲಿಲ್ಲ.

ಜಿನ್ನಿನ ಗೋಡೆಯ ಆಚೆ ಎತ್ತರದ ಕೊಳವೆ ಏಳಲು ಮೂರು ವಾರ ಸಾಕಾಯಿತು. ಬೆಂಕಿ ಹಾಕಿದ ದಿನ ಓಣಿಯ ತುಂಬ ಸಿಹಿಯೂ ಕಹಿಯೂ ಅಲ್ಲದ ಒಂದು ವಾಸನೆ ಹರಡಿತು. ಒಣಗಲು ಹಾಕಿದ ಬಟ್ಟೆಗಳನ್ನು ಹೆಂಗಸರು ಒಳಗೆ ತಂದರು. ಎರಡು ದಿನವಾದ ಮೇಲೆ ಮತ್ತೆ ಹೊರಗೆ ಹಾಕತೊಡಗಿದರು.

ಅದೇ ವಾರ ದೇಸಾಯಿಯವರು ಹೇಳಿಕಳಿಸಿದರು. ಮೇಜಿನ ಖಾನೆಯಲ್ಲಿ ಉಳಿದ ಸಾಮಾನು ತೆಗೆದುಕೊಂಡು ಹೋಗಲು ಬರಬೇಕಂತೆ. ಸಾಮಾನೆಂದರೆ ಒಂದು ಬಾಚಣಿಗೆ, ಒಂದು ಮಾತ್ರೆಯ ಪಟ್ಟಿ. ಅದನ್ನು ಕೊಟ್ಟ ಮೇಲೆ ದೇಸಾಯಿಯವರು ಬಾಗಿಲು ಹಾಕಿದರು.

"ಸಾವಿರದ ತೊಂಬತ್ತೊಂದು ಮಂದಿ ಬರ್ತಾರ ಅಂತ ಯಂತ್ರ ಮೊದಲ ಹೇಳಿತ್ತು," ಎಂದರು. "ಎರಡ ಮಂದಿ ಫರಕು."

ಕಸ್ತೂರಿ ಕೈಯಲ್ಲಿದ್ದ ಬಾಚಣಿಗೆಯನ್ನು ಮೇಜಿನ ಮೇಲಿಟ್ಟಳು. "ಕಲಮಿನ ಮಾತು ನನಗ ಹೇಳಿದಾಗನ ನಿಮಗ ಗೊತ್ತಿತ್ತೇನ್ರಿ?"

"ಆವಾಗ ಅಂದಾಜಿತ್ತು. ಸಭಾದ ಹಿಂದಿನ ದಿನ ಖಾತ್ರಿ ಆತು." ಅವರ ಮುಖದಲ್ಲಿ ಗೆಲುವಿರಲಿಲ್ಲ. ನಿದ್ದೆಗೆಟ್ಟವರ ಹಾಗೆ ಕಣ್ಣು ಒಳಗೆ ಹೋಗಿದ್ದವು. ಒಂದು ಹಾಳೆಯನ್ನು ಮುಂದೆ ತಳ್ಳಿದರು. "ಒಟ್ಟು ಲೆಕ್ಕ ಸರಿ ಬಂತು. ಆದರ ಬಂದವರೊಳಗ ಈ ಐದು ಮಂದಿ ಬರಾಕ ಸಾಧ್ಯನ ಇರಲಿಲ್ಲ. ಇವರ ನೆರಳು ಖಂಡಿತ ಬರೂದಿಲ್ಲ ಅಂದಿತ್ತು. ಇಪ್ಪತ್ತು ವರ್ಷದಾಗ ನನಗ ಹಿಂಗ ಆಗಿಲ್ಲ. ನಿಮಗ ಇವರು ಗೊತ್ತು. ಯಾಕ ಬಂದ್ರು ಅಂತ ಕೇಳಿ ಹೇಳ್ರಿ. ನನ್ನ ಯಂತ್ರದಾಗ ಏನೋ ಒಂದು ಬಿಟ್ಟುಹೋಗ್ಯದ. ತಿಳಿದ್ರ ಕೂಡಸ್ತೀನಿ. ನಿಮ್ಮ ಕೆಲಸಾನೂ ತಿರುಗಿ ಕೊಡಸ್ತೀನಿ."

ಕಸ್ತೂರಿ ಹಾಳೆಯ ಮೇಲಿನ ಹೆಸರು ಓದಿದಳು. ಪರಸಪ್ಪನ ಹೆಸರು ಇರಲಿಕ್ಕಿಲ್ಲವೆಂದು ಗೊತ್ತಿದ್ದೂ ಒಮ್ಮೆ ಹುಡುಕಿದಳು. ಆಮೇಲೆ ಹಾಳೆಯನ್ನು ಮಡಚಿ ಕುಪ್ಪಸದಲ್ಲಿಟ್ಟುಕೊಂಡು ಹೊರಟಳು.

ಮೊದಲ ಹೆಸರು ಚಂಪವ್ವ ಸಣ್ಣಕ್ಕಿ, ಹಳೆಯ ಚಾಳು. ಎಪ್ಪತ್ತೆಂಟು ವರ್ಷದ ಮುದುಕಿ. ಗಂಡ ತೀರಿದ ಮೇಲೆ ಹದಿನಾಲ್ಕು ವರ್ಷ ಓಣಿ ದಾಟಿದವಳಲ್ಲ. ಮತ ಹಾಕಲಿಕ್ಕೂ ಹೋದವಳಲ್ಲ. ಬೀಡಿ ಎಲೆ ಕತ್ತರಿಸುತ್ತಾ ಬಾಗಿಲಲ್ಲಿ ಕೂತಿದ್ದಳು. ಕಸ್ತೂರಿಯನ್ನು ನೋಡಿ ಕತ್ತರಿ ಕೆಳಗಿಟ್ಟಳು.

"ಬಂದ್ಯಾ ಯವ್ವಾ. ಆರಾಮ ಅದಿಯಲ್ಲ?"

"ಆರಾಮ ಅದೀನ್ರಿ. ಅಮ್ಮಾರ, ಆವತ್ತು ಸಭಾಕ ನೀವು ಯಾಕ ಬಂದ್ರಿ?"

ಮುದುಕಿ ಇದೆಂಥ ಪ್ರಶ್ನೆ ಎನ್ನುವ ಹಾಗೆ ನೋಡಿದಳು. "ಎರಡು ಸಲ ಬಂದು ಕುಂತು ಹೋಗಿದ್ದೆಲ್ಲ ನೀ. ಮೂರನೇ ಸಲ ಬರ್ತೀನಿ ಅಂತ ಹೇಳಿ ಹೋಗಿದ್ದಿ. ಬರಲಿಲ್ಲ. ಏನರ ಆತೇನೋ ಹುಡುಗಿಗೆ ಅಂತ ಜೀವ ತಡೀಲಿಲ್ಲ. ಐತವಾರ ಅಲ್ಲಿ ಸಿಗ್ತಿ ಅಂತ ನೋಡಾಕ ಬಂದೆ. ಬಾಗಲದಾಗ ನಿಂತಿದ್ದಿ. ನೋಡಿ ಸಮಾಧಾನ ಆತು. ಬಂದದ್ದು ಬಂದೀನಿ ಅಂತ ಹೆಬ್ಬಟ್ಟು ಒತ್ತಿ ಕುಂತೆ."

ಮುದುಕಿ ಚಾಪೆಯ ತುದಿ ಬಿಡಿಸಿದಳು. ಕಸ್ತೂರಿ ಕೂತು, ಬಟ್ಟಲಲ್ಲಿ ಕೊಟ್ಟ ನೀರು ಕುಡಿದಳು. ನೀರಿನ ಮೇಲೆ ತೆಳ್ಳಗೆ ಬೂದು ಬಣ್ಣ ಕಟ್ಟಿತ್ತೋ, ಕಣ್ಣಿಗೆ ಹಾಗೆ ಕಂಡಿತೋ ತಿಳಿಯಲಿಲ್ಲ.

ಅವಳು ಚಾಳಿನಿಂದ ಹೊರಬರುವಷ್ಟರಲ್ಲಿ ಫೋನು ಬಂತು. ದೇಸಾಯಿಯವರು.

"ಚಂಪವ್ವ ಸಿಕ್ಕಿದ್ರೇನು? ಏನಂದ್ರು?"

ಜಿನ್ನಿನ ಕೊಳವೆಯಿಂದ ಹೊಗೆ ಚಾಳಿನ ಮೇಲೆ ಹಾದು ಶಾಲೆಯ ಕಡೆ ಹೋಗುತ್ತಿತ್ತು. ಕಸ್ತೂರಿ ಕುಪ್ಪಸದಿಂದ ಹಾಳೆ ತೆಗೆದು ಬಿಡಿಸಿ ಎರಡನೇ ಹೆಸರು ನೋಡಿದಳು.

"ಇಲ್ರಿ ಮೇಡಮ್ಮರ," ಎಂದಳು. "ಮನ್ಯಾಗ ಯಾರೂ ಇರಲಿಲ್ಲ."

ಫೋನು ಇಟ್ಟು, ಸೆರಗನ್ನು ಮೂಗಿನ ಮೇಲೆ ಎಳೆದುಕೊಂಡು ಮುಂದಿನ ಓಣಿಯ ಕಡೆ ನಡೆದಳು.